ಒಳಗೆಳೆದಾಗ ಬಂದ ಶಿಳ್ಳೆ

ಜೆಜು ದ್ವೀಪದ ಆ ಊರಿನಲ್ಲಿ ಹೆಂಗಸರು ಶಿಳ್ಳೆ ಹಾಕಿದರೆ ಯಾರೂ ಬೈಯುವುದಿಲ್ಲ. ಹಾಕದಿದ್ದರೇ ಗಾಬರಿ. ಅಲ್ಲಿಯ ಹೆಂಗಸರದು ಸಮುದ್ರದ ತಳಕ್ಕೆ ಮುಳುಗಿ ಚಿಪ್ಪು ಕೀಳುವ ಕೆಲಸ. ಬೆನ್ನಿಗೆ ಗಾಳಿಯ ಸಿಲಿಂಡರ್ ಗಿಲಿಂಡರ್ ಏನೂ ಇಲ್ಲ. ಉಸಿರು ಬಿಗಿಹಿಡಿದು ಇಳಿಯಬೇಕು. ಮೇಲೆ ಬಂದೊಡನೆ ತುಟಿ ಚೂಪು ಮಾಡಿ, ಹಿಡಿದಿಟ್ಟ ಉಸಿರನ್ನು ‘ಹೂಯ್’ ಎಂದು ಊದಿ ಬಿಡಬೇಕು. ಆ ಶಿಳ್ಳೆ ಕೇಳಿಸಿದರೆ ದಡದಲ್ಲಿದ್ದವರಿಗೆ ಸಮಾಧಾನ. ಅಬ್ಬಾ, ಬದುಕಿ ಮೇಲೆ ಬಂದಳು ಎಂದು ತಮ್ಮ ಕೆಲಸ ನೋಡಿಕೊಳ್ಳುತ್ತಾರೆ.

ಈ ಹೆಂಗಸರಲ್ಲೆಲ್ಲ ಹಿರಿಯಳು ಬೊಕ್‌ಸಿಲ್ ಅಜ್ಜಿ. ಎಪ್ಪತ್ತು ದಾಟಿದರೂ ನೀರಿಗಿಳಿಯುತ್ತಾಳೆ, ಮಾತಿನಲ್ಲಂತೂ ಯಾರನ್ನೂ ಗೆಲ್ಲಲು ಬಿಡುವುದಿಲ್ಲ. ಬರೀ ಶಿಳ್ಳೆ ಕೇಳಿ, ಮೇಲೆ ಬಂದವಳು ಯಾರು, ಎಷ್ಟು ಆಳಕ್ಕೆ ಹೋಗಿದ್ದಳು ಎಂದು ಹೇಳಿಬಿಡುತ್ತಾಳೆ. ಸೊಸೆ ಇನ್‌ಜಾಗೆ ಮುಳುಗುವುದನ್ನೂ ಶಿಳ್ಳೆಯನ್ನೂ ಕಲಿಸಿದವಳು ಅವಳೇ. ಮಗ ದೂರದ ಕಡಲಿನ ಮೀನು ಹಡಗಿನಲ್ಲಿ ಕೆಲಸಕ್ಕಿದ್ದಾನೆ, ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಬೆಳಗಾದರೆ ಜಗಳ. ಆದರೆ ಒಬ್ಬರನ್ನು ಬಿಟ್ಟು ಒಬ್ಬರು ಉಣ್ಣುವುದಿಲ್ಲ.

ಆ ಚಳಿಗಾಲದಲ್ಲಿ ಇನ್‌ಜಾಗೆ ಕೆಟ್ಟ ನ್ಯುಮೋನಿಯಾ ಆಯಿತು. ಪಟ್ಟಣದ ಆಸ್ಪತ್ರೆಯಲ್ಲಿ ಗಂಟಲೊಳಗೆ ಕೊಳವೆ ಇಳಿಸಿ, ವಾರಗಟ್ಟಲೆ ಯಂತ್ರದಿಂದ ಉಸಿರಾಡಿಸಿದರು. ಬೊಕ್‌ಸಿಲ್ ದಿನವೂ ಬಿಳಿ ಕಾಗದದಲ್ಲಿ ಅನ್ನ ಕಟ್ಟಿ ಸಮುದ್ರಕ್ಕೆ ಹಾಕಿ, “ಕಡಲಿನ ಅಜ್ಜಿದೇವಿ, ಬೇಕಾದ್ರೆ ನನ್ನ ಉಸಿರು ತಗೋ. ನನ್ ಸೊಸೆ ಉಸಿರು ವಾಪಸ್ ಕೊಡು” ಎಂದು ಬೇಡಿಕೊಂಡಳು. ಇನ್‌ಜಾ ಉಳಿದಳು. ಕೊಳವೆ ತೆಗೆದರು. ಮನೆಗೆ ಬಂದು ಕಡಲ ಸೊಪ್ಪಿನ ಸಾರು ಕುಡಿದು ಚೇತರಿಸಿಕೊಂಡಳು. ಹಿತ್ತಲಿನ ಕಿತ್ತಳೆ ಗಿಡ ಹೂಬಿಡುವ ಹೊತ್ತಿಗೆ ಮತ್ತೆ ಕರಿ ರಬ್ಬರ್ ಉಡುಪು ತೊಟ್ಟು ನೀರಿಗಿಳಿದಳು.

ಇಳಿದವಳ ಶಿಳ್ಳೆ ಕೇಳಬೇಕಿತ್ತು! ಮೊದಲಿಗಿಂತ ಉದ್ದ, ಮೊದಲಿಗಿಂತ ತೀಕ್ಷ್ಣ.

“ಏನೇ ಇನ್‌ಜಾ, ಆಸ್ಪತ್ರೆಲಿ ಶಿಳ್ಳೆಗೆ ಸಾಣೆ ಹಿಡಿಸ್ಕೊಂಡ್ ಬಂದ್ಯಾ?” ಎಂದು ಪಕ್ಕದ ಮನೆಯ ದೊಕ್‌ಸುನ್ ರೇಗಿಸಿದಳು. “ಹೀಗೇ ಆದ್ರೆ ನಿಮ್ಮತ್ತೆ ಜಾಗಕ್ಕೆ ಕುತ್ತು ಬಂತು ನೋಡು!”

ಬೊಕ್‌ಸಿಲ್‌ಗೆ ಒಳಗೊಳಗೇ ಹಿಗ್ಗು. ದೇವಿ ಬರೀ ಉಸಿರು ಕೊಡಲಿಲ್ಲ, ಬಡ್ಡಿ ಸಮೇತ ಕೊಟ್ಟಳು ಎಂದು ಎಲ್ಲರೆದುರು ಹೇಳಿಕೊಂಡು ತಿರುಗಿದಳು. ಮನೆಯ ಮೆಟ್ಟಿಲು ಹತ್ತುವಾಗಲೂ ಸೊಸೆಯ ಗಂಟಲು ಸಿಳ್ ಎನ್ನುತ್ತಿತ್ತು. ಒಗೆದ ಬಟ್ಟೆ ಹರವುವಾಗಲೂ ಎನ್ನುತ್ತಿತ್ತು. ಒಮ್ಮೆ ಇನ್‌ಜಾ, “ಅತ್ತೆ, ಯಾಕೋ ಉಸಿರು ಸಾಲ್ತಿಲ್ಲ” ಎಂದದ್ದಕ್ಕೆ, “ತಿಂಗಳುಗಟ್ಲೆ ಮಲ್ಕೊಂಡು ಸೋಮಾರಿ ಆಗಿದೀಯ, ನಾಲ್ಕು ಸಲ ಮುಳುಗಿದ್ರೆ ಸರಿ ಹೋಗತ್ತೆ” ಎಂದುಬಿಟ್ಟಳು. ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ಆಸ್ತಮಾ ಇರಬೇಕೆಂದು ಬಾಯಿಗೆ ಸಿಂಪಡಿಸಿಕೊಳ್ಳುವ ಔಷಧಿ ಕೊಟ್ಟರು. ಅದನ್ನು ಎಷ್ಟು ಒತ್ತಿಕೊಂಡರೂ ಒಂದಿಷ್ಟೂ ಗುಣ ಕಾಣಲಿಲ್ಲ.

ಇನ್ನೊಂದು ವಿಷಯವೂ ನಡೆಯಿತು. ಸಮುದ್ರದಿಂದ ಮೇಲೆ ಬಂದವರು ಮೈ ಕಾಯಿಸಿಕೊಳ್ಳಲು ದಡದಲ್ಲಿ ಕಲ್ಲುಗೋಡೆಯ ಒಂದು ಸುತ್ತು, ನಡುವೆ ಬೆಂಕಿ. ಅಲ್ಲಿ ಹೊಗೆ ಬಾರದ ಕಡೆ ಹಿರಿಯರೇ ಕೂರಬೇಕು. ಕಿರಿಯರಿಗೆ ಹೊಗೆಯ ಪಾಲು. ಇನ್‌ಜಾ ಇತ್ತೀಚೆಗೆ ಹೊಗೆಯ ಕಡೆಯಿಂದ ಎದ್ದು ಬಂದು, ಅತ್ತೆಯ ಒತ್ತಿಗೇ ಕೂರತೊಡಗಿದಳು.

“ನೋಡಿದ್ರಾ? ಶಿಳ್ಳೆ ಬಂತು, ಜೊತೆಗೆ ಕೊಬ್ಬೂ ಬಂತು” ಎಂದು ಬೊಕ್‌ಸಿಲ್ ಚುಚ್ಚಿದಳು. ಇನ್‌ಜಾ ತಿರುಗಿ ಮಾತಾಡಲಿಲ್ಲ. ಮಾತಿಗೆ ಮಾತು ಕೊಡದೆ ಇರುವ ಸೊಸೆಯೇ ಅಲ್ಲ ಅವಳು. ಅದನ್ನಾದರೂ ಅತ್ತೆ ಗಮನಿಸಬೇಕಿತ್ತು, ಗಮನಿಸಲಿಲ್ಲ.

ಒಂದು ಬೆಳಿಗ್ಗೆ ನೀರು ತಿಳಿಯಾಗಿತ್ತು. ಬಂಡೆಯ ಬುಡದಿಂದ ಇನ್‌ಜಾ ಮೇಲೆ ಬಂದಳು. ಶಿಳ್ಳೆ ಕೇಳಿಸಿತು. ಇನ್ನೊಂದು ಕೇಳಿಸಿತು. ಮೇಲಿಂದ ಮೇಲೆ ಕೇಳಿಸುತ್ತಲೇ ಹೋಯಿತು. “ಶುರುವಾಯ್ತು ಇವಳ ಕಛೇರಿ!” ಎಂದು ದೊಕ್‌ಸುನ್ ನಕ್ಕಳು. ಹತ್ತಿರದಲ್ಲೇ ತೇಲುತ್ತಿದ್ದ ಬೊಕ್‌ಸಿಲ್ ತಿರುಗಿ ನೋಡಿದಳು. ಸೊಸೆಯ ತುಟಿ ನೀಲಿಗಟ್ಟಿತ್ತು. ಬಾಯಿ ದಡಕ್ಕೆ ಬಿದ್ದ ಮೀನಿನ ಹಾಗೆ ಅಗಲವಾಗಿ ತೆರೆದಿತ್ತು. ಆತುಕೊಂಡು ತೇಲಲು ಜೊತೆಗಿಟ್ಟುಕೊಳ್ಳುವ ತೇಲುಬುರುಡೆಯಿಂದ ಕೈ ಜಾರುತ್ತಿತ್ತು.

ಬೊಕ್‌ಸಿಲ್ ಈಜಿ ಹೋಗಿ ಸೊಸೆಯ ಕಂಕುಳಿಗೆ ಕೈ ಹಾಕಿ, ತನ್ನ ಬುರುಡೆಯ ಮೇಲೆ ಒರಗಿಸಿಕೊಂಡು ದಡಕ್ಕೆ ಎಳೆದು ತಂದಳು. ದೊಕ್‌ಸುನ್ ಓಡಿಹೋಗಿ ಊರಿನ ಆರೋಗ್ಯ ಕೇಂದ್ರದ ನರ್ಸ್ ಯುಂಜುವನ್ನು ಕರೆತಂದಳು.

ಯುಂಜು ಬರುವಷ್ಟರಲ್ಲಿ ಇನ್‌ಜಾ ಗೋಡೆಗೊರಗಿ ಕೂತು ಸ್ವಲ್ಪ ಸುಧಾರಿಸಿಕೊಂಡಿದ್ದಳು. ಗಂಟಲು ಮಾತ್ರ ಸಿಳ್, ಸಿಳ್ ಎನ್ನುತ್ತಲೇ ಇತ್ತು. ಯುಂಜು ಮೊದಲು ಆಂಬುಲೆನ್ಸಿಗೆ ಫೋನ್ ಮಾಡಿದಳು. ಆಮೇಲೆ ಇನ್‌ಜಾಳ ಕತ್ತಿಗೆ ಸ್ಟೆತಾಸ್ಕೋಪ್ ಇಟ್ಟು ಕಿವಿಗೊಟ್ಟಳು.

“ಆಂಬುಲೆನ್ಸ್ ಯಾಕಮ್ಮ? ಸುಸ್ತಾಗಿದೆ ಅಷ್ಟೆ. ಶಿಳ್ಳೆ ಜೋರಾಗೇ ಇದೆ ನೋಡು” ಎಂದಳು ಬೊಕ್‌ಸಿಲ್.

“ಅಜ್ಜಿ, ನಿಮ್ಮಷ್ಟು ಶಿಳ್ಳೆ ಕೇಳಿದವರು ಈ ಊರಲ್ಲಿ ಯಾರೂ ಇಲ್ಲ. ಈಗ ಸರಿಯಾಗಿ ಕೇಳಿ. ಈ ಸದ್ದು ಉಸಿರು ಬಿಡೋವಾಗ ಬರ್ತಿದ್ಯೋ, ಎಳ್ಕೊಳ್ಳೋವಾಗ ಬರ್ತಿದ್ಯೋ?”

ಬೊಕ್‌ಸಿಲ್ ಬಗ್ಗಿ ಸೊಸೆಯ ಬಾಯಿಯ ಹತ್ತಿರ ಕಿವಿ ಇಟ್ಟಳು. ಉಸಿರು ಒಳಗೆ ಹೋಗುವಾಗ ಸಿಳ್ ಎಂದಿತು. ಹೊರಗೆ ಬರುವಾಗ ಸದ್ದು ಕಡಿಮೆ. ಮತ್ತೆ ಒಳಗೆ, ಮತ್ತೆ ಸಿಳ್. ಇಷ್ಟು ವರ್ಷ ಸಮುದ್ರದಲ್ಲಿ ಕಳೆದ ಅಜ್ಜಿ ಉಸಿರು ಎಳೆದುಕೊಳ್ಳುವಾಗ ಶಿಳ್ಳೆ ಹಾಕಿದವಳನ್ನು ಕಂಡಿರಲಿಲ್ಲ.

“ಇದು ನಮ್ ಶಿಳ್ಳೆ ಅಲ್ವೇ ಅಲ್ಲ” ಎಂದು ಪಿಸುಗುಟ್ಟಿದಳು.

“ಅಲ್ಲ ಅಜ್ಜಿ. ಕೊಳವೆ ಒತ್ತಿದ ಕಡೆ ಶ್ವಾಸನಾಳದ ಒಳಗೆ ಗಾಯ ಆಗಿರತ್ತೆ. ಕೆಲವರಿಗೆ ಅದು ಮಾಯ್ತಾ ಮಾಯ್ತಾ ಗಟ್ಟಿಯಾಗಿ, ಗಾಳಿ ಹೋಗೋ ದಾರಿನೇ ಸಣ್ಣ ಮಾಡಿಬಿಡತ್ತೆ. ಕೊಳವೆ ತೆಗೆದು ವಾರಗಳೋ ತಿಂಗಳುಗಳೋ ಆದ್ಮೇಲೆ ಗೊತ್ತಾಗತ್ತೆ. ಆಸ್ತಮಾ ಅಂದ ಡಾಕ್ಟರ್ ಹತ್ರ ಕೊಳವೆ ಹಾಕಿದ್ದ ವಿಷಯ ಹೇಳಿದ್ರಾ?”

ಇನ್‌ಜಾ ಇಲ್ಲವೆಂದು ತಲೆ ಅಲ್ಲಾಡಿಸಿದಳು.

“ಅವ್ರು ಕೇಳ್ಲಿಲ್ಲ” ಎಂದಳು ಇನ್‌ಜಾ ಮೆಲ್ಲಗೆ. “ನ್ಯುಮೋನಿಯಾ ವಾಸಿ ಆಗಿತ್ತಲ್ಲ, ಅದನ್ನೇನು ಹೇಳೋದು ಅಂತ ನಾನೂ ಬಿಟ್ಟೆ. ಹೊಗೆ ಕುಡಿದ್ರೆ ಪ್ರಾಣ ಹೋದಂಗೆ ಆಗ್ತಿತ್ತು ಅತ್ತೆ. ಅದಕ್ಕೇ ನಿಮ್ ಪಕ್ಕ ಬಂದು ಕೂರ್ತಿದ್ದೆ.”

ಬೊಕ್‌ಸಿಲ್‌ಗೆ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕು ಎನಿಸಿತು.

ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ತುದಿಗೆ ಕ್ಯಾಮೆರಾ ಇರುವ ಸಣ್ಣ ಕೊಳವೆ ಇಳಿಸಿ ನೋಡಿದರು. ಯುಂಜು ಹೇಳಿದ್ದೇ ನಿಜವಾಗಿತ್ತು. ಬಲೂನಿನಿಂದ ದಾರಿ ಹಿಗ್ಗಿಸಿ ತಕ್ಷಣದ ಅಪಾಯ ತಪ್ಪಿಸಿದರು. ಕೆಲವರಿಗೆ ಅಷ್ಟೇ ಸಾಕಾಗುತ್ತದಂತೆ. ಇನ್‌ಜಾಗೆ ದಿನ ಕಳೆದಂತೆ ದಾರಿ ಮತ್ತೆ ಕಟ್ಟಿಕೊಳ್ಳತೊಡಗಿತು. ಆಪರೇಷನ್ ಮಾಡಿ ಕೆಟ್ಟ ಭಾಗವನ್ನು ತೆಗೆದುಹಾಕುವುದೇ ಸರಿ ಎಂದರು ಡಾಕ್ಟರ್.

ಕತ್ತು ಕೊಯ್ಯುವ ಮಾತು ಕೇಳಿದ್ದೇ ಬೊಕ್‌ಸಿಲ್ ಸೊಸೆಯನ್ನು ಕರೆದುಕೊಂಡು ಮನೆಗೆ ಬಂದುಬಿಟ್ಟಳು. ಹಡಗಿನಿಂದ ಫೋನ್ ಮಾಡಿದ ಮಗ, “ನನಗೇನೂ ತೋಚ್ತಿಲ್ಲಮ್ಮ, ನೀನು ಹೇಗ್ ಹೇಳಿದ್ರೆ ಹಾಗೆ” ಎಂದ. ಭಾರವೆಲ್ಲ ಮುದುಕಿಯ ತಲೆಯ ಮೇಲೆ ಬಿತ್ತು.

ಯುಂಜು ಮನೆಗೇ ಬಂದಳು.

“ನೋಡು ತಾಯಿ,” ಎಂದು ಬೊಕ್‌ಸಿಲ್ ಶುರು ಮಾಡಿದಳು, “ದೇವಿ ಕೊಟ್ಟ ಉಸಿರಿಗೆ ಚಾಕು ಹಾಕೋದಾ? ಗಂಟಲು ಕೊಯ್ಸ್ಕೊಂಡು ಯಾರಾದ್ರೂ ಬದುಕ್ತಾರಾ? ಇವಳ ಪಾಡಿಗೆ ಇವಳು ಮನೇಲಿ ಕೂತಿರ್ಲಿ. ಸಮುದ್ರದ ಕೆಲಸ ಬೇಡ. ಗಂಜಿ ನಾನು ಹಾಕ್ತೀನಿ.”

ಯುಂಜು ವಾದ ಮಾಡಲಿಲ್ಲ. ಕಿತ್ತಳೆ ಜ್ಯೂಸಿನ ಪೊಟ್ಟಣದ ಸಣ್ಣ ಸ್ಟ್ರಾ ಕಿತ್ತು ಅಜ್ಜಿಯ ಕೈಗಿತ್ತಳು. “ಊರಿಗೆಲ್ಲ ನಿಮ್ಮಷ್ಟು ಗಟ್ಟಿ ಉಸಿರು ಯಾರಿಗೂ ಇಲ್ವಂತೆ. ಮೂಗು ಹಿಡ್ಕೊಂಡು, ಇದ್ರಲ್ಲೇ ಉಸಿರಾಡ್ತಾ ನಿಮ್ಮ ಅಟ್ಟದ ಮೆಟ್ಟಿಲು ಹತ್ತಿ ನೋಡೋಣ. ನಾನು ಪಕ್ಕದಲ್ಲೇ ಇರ್ತೀನಿ, ಕಷ್ಟ ಆದ ತಕ್ಷಣ ಬಿಟ್ಬಿಡಿ.”

“ಇದೇನ್ ಮಹಾ!” ಎಂದು ಬೊಕ್‌ಸಿಲ್ ಸ್ಟ್ರಾ ಬಾಯಿಗಿಟ್ಟು, ಸೊಂಟಕ್ಕೆ ಒಂದು ಕೈ ಕೊಟ್ಟು, ಇನ್ನೊಂದರಿಂದ ಮೂಗು ಹಿಡಿದು ಹೊರಟಳು. ಮೊದಲ ಮೆಟ್ಟಿಲು ಹತ್ತಿದಳು. ಎರಡನೆಯದಕ್ಕೆ ಮುಖ ಕೆಂಪಾಯಿತು. ಅಟ್ಟ ಇನ್ನೂ ದೂರವಿರುವಾಗಲೇ ಸ್ಟ್ರಾ ಉಗಿದು, ಮೆಟ್ಟಿಲ ಮೇಲೆ ಕುಸಿದು ಕೂತು, ಬಾಯ್ತುಂಬ ಗಾಳಿ ನುಂಗಿದಳು. ಸಮುದ್ರದ ತಳದಲ್ಲೂ ಅವಳಿಗೆ ಹಾಗೆ ಹೆದರಿಕೆ ಆಗಿರಲಿಲ್ಲ. ಅಲ್ಲಿ ಉಸಿರು ಹಿಡಿಯುವುದು ತನ್ನ ಇಷ್ಟ. ಬೇಕೆಂದಾಗ ಮೇಲೆ ಬರಬಹುದು. ಇದರಲ್ಲಿ ಮೇಲೆ ಬರುವ ದಾರಿಯೇ ಇರಲಿಲ್ಲ.

“ಇನ್‌ಜಾ ಅಕ್ಕ ಇಷ್ಟು ದಿನ ಹೀಗೇ ಬದುಕ್ತಿದಾರೆ ಅಜ್ಜಿ” ಎಂದಳು ಯುಂಜು. “ಬಟ್ಟೆ ಒಗೆಯೋದು, ಅಡಿಗೆ ಮಾಡೋದು, ನಿಮ್ಮ ಹತ್ರ ಬೈಸ್ಕೊಳ್ಳೋದು, ಎಲ್ಲಾ ಇದ್ರಲ್ಲೇ. ಒಂದು ಶೀತ ಆಗಿ ಕಫ ಕಟ್ಟಿದ್ರೆ ಈ ದಾರಿನೂ ಮುಚ್ಚತ್ತೆ.”

ಬೊಕ್‌ಸಿಲ್ ಬಿದ್ದಿದ್ದ ಸ್ಟ್ರಾ ಎತ್ತಿಕೊಂಡು ನೋಡುತ್ತ ಕೂತಳು. ಕಣ್ಣೀರು ತಾನಾಗಿ ಸುರಿಯಿತು. “ಲೇ ಇನ್‌ಜಾ,” ಎಂದು ಒಳಗಿದ್ದ ಸೊಸೆಗೆ ಕೂಗಿದಳು, “ಬಟ್ಟೆ ಕಟ್ಕೊಳ್ಳೇ. ಆಸ್ಪತ್ರೆಗೆ ಹೋಗೋಣ.”

ಮತ್ತೆ ಹೋದಾಗ ಡಾಕ್ಟರ್ ಎಲ್ಲವನ್ನೂ ಬಿಡಿಸಿ ಹೇಳಿದರು. ಕತ್ತಿನ ಮುಂಭಾಗದಲ್ಲಿ ಸಣ್ಣಗೆ ಕೊಯ್ದು, ಶ್ವಾಸನಾಳದ ಕಿರಿದಾದ ತುಂಡನ್ನು ತೆಗೆದು, ಚೆನ್ನಾಗಿರುವ ಎರಡು ತುದಿಗಳನ್ನು ತಂದು ಸೇರಿಸಿ ಹೊಲಿಯುತ್ತಾರೆ.

“ಅಂದ್ರೆ ಚಿಪ್ಪು ತೊಳೆಯೋ ಪೈಪು ಕಟ್ಕೊಂಡ್ರೆ, ಆ ತುಂಡು ಕತ್ತರಿಸಿ ಜೋಡಿಸ್ತೀವಲ್ಲ, ಹಾಗೆ?” ಎಂದಳು ಬೊಕ್‌ಸಿಲ್.

ಡಾಕ್ಟರ್ ನಕ್ಕುಬಿಟ್ಟರು. “ಹಾಗೇ ಅನ್ಕೊಳ್ಳಿ ಅಜ್ಜಿ. ಆದ್ರೆ ಇದು ದೊಡ್ಡ ಆಪರೇಷನ್ನೇ, ಅಪಾಯ ಇಲ್ವೇ ಇಲ್ಲ ಅನ್ನಲ್ಲ. ಇವರಿಗೆ ಮಾಡದೇ ಇದ್ರೆ ಅದಕ್ಕಿಂತ ಅಪಾಯ.”

ಆಪರೇಷನ್ ಆಯಿತು. ಬಾಗಿಲ ಹೊರಗೆ ಕೂತಿದ್ದ ಬೊಕ್‌ಸಿಲ್, ತಾನೇ ನೀರಿನಡಿಯಲ್ಲಿ ಇದ್ದವಳ ಹಾಗೆ ಉಸಿರು ಬಿಗಿಹಿಡಿದಿದ್ದಳು. ಡಾಕ್ಟರ್ ಹೊರಗೆ ಬಂದು “ಚೆನ್ನಾಗಿ ಆಯ್ತು” ಎಂದಾಗ, ಆಸ್ಪತ್ರೆಯ ಕಾರಿಡಾರ್ ತುಂಬ ಕೇಳುವಂತೆ ‘ಹೂಯ್’ ಎಂದು ಶಿಳ್ಳೆ ಹಾಕಿದಳು. ಕುರ್ಚಿಗಳಲ್ಲಿ ಕೂತಿದ್ದವರೆಲ್ಲ ಬೆಚ್ಚಿ ತಿರುಗಿ ನೋಡಿದರು.

ಮರುದಿನ ಒಳಗೆ ಬಿಟ್ಟರು. ಹೊಸ ಹೊಲಿಗೆ ಎಳೆಯಬಾರದೆಂದು, ಇನ್‌ಜಾ ತಲೆ ಎತ್ತದ ಹಾಗೆ ಅವಳ ಗದ್ದವನ್ನು ಎದೆಗೆ ಸೇರಿಸಿ ಹೊಲಿಗೆ ಹಾಕಿದ್ದರು. ಒಂದು ವಾರದ ಮಟ್ಟಿಗೆ ಅಷ್ಟೆ, ಆಮೇಲೆ ಬಿಚ್ಚುತ್ತೇವೆ ಎಂದರು. ತಲೆ ತಗ್ಗಿಸಿ ಕೂತ ಸೊಸೆಯನ್ನು ಕಂಡು ಬೊಕ್‌ಸಿಲ್ ಅಳುತ್ತಲೇ ನಕ್ಕಳು.

“ನಮ್ಮನೆಗೆ ಬಂದಾಗಿಂದ ಒಂದ್ ದಿನಾನಾದ್ರೂ ನನ್ನೆದುರು ತಲೆ ತಗ್ಗಿಸಿದ್ಯೇನೇ? ಕೊನೆಗೂ ಡಾಕ್ಟರ ಕೈಲಿ ಹೊಲಿಸ್ಬೇಕಾಯ್ತು!”

ಇನ್‌ಜಾ ತಲೆ ಎತ್ತುವಂತಿರಲಿಲ್ಲ, ನಗುವಂತಿರಲಿಲ್ಲ. ಕೈ ಮಾತ್ರ ಚಾಚಿ ಅತ್ತೆಯ ತೊಡೆ ಚಿವುಟಿದಳು.

ಕಿತ್ತಳೆ ಹಣ್ಣಾಗುವ ಕಾಲಕ್ಕೆ ಇನ್‌ಜಾ ದಡಕ್ಕೆ ಬಂದಳು. ಮುಳುಗುವುದು ಡಾಕ್ಟರ್ ಹೂಂ ಎಂದ ಮೇಲೆಯೇ. ಈಗ ಬಂಡೆಯ ಮೇಲಿನ ಸೊಪ್ಪು ಆರಿಸುವ ಕೆಲಸ. ಅಲ್ಲಿಂದ ಮೆಟ್ಟಿಲು ಹತ್ತಿ ಬೆಂಕಿಯ ಸುತ್ತಿಗೆ ಬಂದು, ಮೊದಲಿನಂತೆ ಕಿರಿಯರ ಕಡೆ ಕೂರಲು ಹೋದಳು.

“ಅಲ್ಲಲ್ಲ. ಇಲ್ಲಿ ಬಾ” ಎಂದು ಬೊಕ್‌ಸಿಲ್ ಎದ್ದು, ಹೊಗೆ ಬಾರದ ತನ್ನ ಜಾಗವನ್ನು ಕೈಯಿಂದ ತಟ್ಟಿ ತೋರಿಸಿದಳು. ಇಷ್ಟು ವರ್ಷ ಯಾರಿಗೂ ಬಿಡದ ಜಾಗ ಅದು. ಇನ್‌ಜಾ ಕೂತಳು. ಮುದುಕಿ ಹೊಗೆಯ ಕಡೆ ಹೋಗಿ ಕೂತು, “ಎಲ್ರೂ ಒಂದ್ ಗಳಿಗೆ ಬಾಯ್ ಮುಚ್ಚಿ” ಎಂದಳು.

ಮೆಟ್ಟಿಲು ಹತ್ತಿ ಬಂದ ಇನ್‌ಜಾಳ ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಎಲ್ಲರೂ ಕಿವಿಗೊಟ್ಟು ಕೇಳಿದರು. ಸೌದೆ ಚಟಪಟ ಎಂದಿತು. ಅದು ಬಿಟ್ಟರೆ ಏನೂ ಇಲ್ಲ.

“ಏನೂ ಕೇಳಿಸ್ತಿಲ್ಲ ಕಣ್ರೇ!” ಎಂದಳು ಬೊಕ್‌ಸಿಲ್, ಹೊಗೆಗೆ ಕಣ್ಣೊರೆಸಿಕೊಳ್ಳುತ್ತ. “ಏನೇನೂ ಕೇಳಿಸ್ತಿಲ್ಲ!”

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಗಂಟಲಿಗೆ ಕೊಳವೆ ಹಾಕಿಸಿಕೊಂಡು ಬದುಕಿ ಬಂದಿರಬಹುದು. ಅವರು ಉಸಿರಾಡುವಾಗ ಹತ್ತಿರ ಕೂತು ಕೇಳಿ. ಸಿಳ್ ಎನ್ನುತ್ತಿದೆಯೇ? ನಾಲ್ಕು ಮೆಟ್ಟಿಲಿಗೇ ಏದುಸಿರೇ? ಆಸ್ತಮಾದ ಔಷಧಿಗೂ ಜಗ್ಗುತ್ತಿಲ್ಲವೇ? ಸುಸ್ತು, ವಯಸ್ಸು, ಸೋಮಾರಿತನ ಎಂದು ತಳ್ಳಿಹಾಕದೆ ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಹೋಗಿ. ತುಟಿ ನೀಲಿಯಾದರೆ ಒಂದು ಗಳಿಗೆಯೂ ಕಾಯದೆ ಆಂಬುಲೆನ್ಸ್ ಕರೆಯಿರಿ. ಇದಕ್ಕೆ ಚಿಕಿತ್ಸೆ ಇದೆ. ಡಾಕ್ಟರ್ ತಾವಾಗಿ ಕೇಳಲಿ ಎಂದು ಮಾತ್ರ ಸುಮ್ಮನೆ ಕೂರಬೇಡಿ. ಒಳಗೆ ಕಾಲಿಟ್ಟ ಕೂಡಲೇ ನೀವೇ ಬಾಯಿಬಿಟ್ಟು ಹೇಳಿ: “ಇವರ ಗಂಟಲಿಗೆ ಕೊಳವೆ ಹಾಕಿದ್ರು.”