ಯಾವ ಚಿಕ್ಕಮ್ಮ

ನನ್ನ ಅಕ್ಕನ ಮಗಳಿಗೆ ಆರು ವರ್ಷ. ಒಂದೊಂದು ಮಾತನ್ನೂ ಹಿಡಿದು ಜಗ್ಗುತ್ತಾಳೆಂದು ಮನೆಯಲ್ಲಿ ಅವಳಿಗೆ ಲಾಯರಮ್ಮ ಎಂದೇ ಹೆಸರು. ಆ ಭಾನುವಾರ ಅವಳನ್ನು ರೈಲಿನಲ್ಲಿ ಸುತ್ತಾಡಿಸಿಕೊಂಡು ಬರುವ ಕೆಲಸ ನನ್ನ ತಲೆಗೆ ಬಿತ್ತು. ಸುತ್ತಾಟ ಬರೀ ನೆಪ. ಅಕ್ಕ ತೀರಿಕೊಂಡು ಒಂದೂವರೆ ವರ್ಷವಾಗಿತ್ತು, ಭಾವ ಮತ್ತೆ ಮದುವೆಯಾಗುತ್ತಿದ್ದರು, ಅದನ್ನು ಮಗುವಿಗೆ ನಾನು ಹೇಳಬೇಕಿತ್ತು.

"ನೀನೇ ಹೇಳಿಬಿಡಮ್ಮ. ನನ್ನ ಬಾಯಿಂದ ಬರಲ್ಲ," ಎಂದಿದ್ದರು ಭಾವ. ಸಂಜೆ ಆರಕ್ಕೆ ಸ್ಟೇಷನ್ನಿಗೆ ಮದುವೆಯಾಗುವಾಕೆಯನ್ನೂ ಕರೆದುಕೊಂಡು ಬರುತ್ತಾರಂತೆ. ಗಂಡಸರ ಧೈರ್ಯ ಇಷ್ಟೇ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಆದರೆ ಆಗುವುದಿಲ್ಲ ಎನ್ನಲು ನನಗೆ ಮುಖವಿರಲಿಲ್ಲ. ಮದುವೆಗೆ ಭಾವ ಮೊದಲು ಕೇಳಿದ್ದು ನನ್ನನ್ನೇ. ಅಕ್ಕನ ಚಪ್ಪಲಿಯಲ್ಲಿ ಕಾಲಿಡಲೂ ಆಗದವಳು ಅವಳ ಮನೆಯಲ್ಲಿ ಹೇಗೆ ಬಾಳಲಿ? ಒಲ್ಲೆ ಎಂದುಬಿಟ್ಟಿದ್ದೆ. ಅಂದಿನಿಂದ ನನ್ನಮ್ಮ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಾಳೆ.

ರೈಲು ಹತ್ತಿದ ಮೇಲೆ ಲಾಯರಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಿಟಕಿ ಪಕ್ಕದ ಸೀಟಿಗಾಗಿ ಯಾರೋ ತಾತನ ಜೊತೆ ವಾದ ಹೂಡಿ ಗೆದ್ದಳು. ಸುರಂಗ ಬಂದಾಗ ಕತ್ತಲಲ್ಲಿ 'ಕೂ' ಎಂದು ಕೂಗಿ ಇಡೀ ಬೋಗಿಯನ್ನು ನಗಿಸಿದಳು. ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು, ಹಾಗಾಗಿ ನಮ್ಮಿಬ್ಬರದೇ ಒಂದು ಆಟವುಂಟು. ದೂರದ ಬೋರ್ಡು ಕಂಡರೆ ನಾನು ಅವಳ ಒಂದು ಕಣ್ಣು ಮುಚ್ಚಿ, "ಓದಿ ಅಮ್ಮಾವ್ರೇ," ಎನ್ನಬೇಕು. ಅವಳು ಬಾರದ್ದನ್ನೂ ರಾಗವಾಗಿ ಓದುತ್ತಾಳೆ.

"ಈ ಕಣ್ಣಲ್ಲಿ ಚೆನ್ನಾಗಿ ಕಾಣುತ್ತಾ, ಆ ಕಣ್ಣಲ್ಲಾ?"

"ಎರಡ್ರಲ್ಲೂ ನೀನೇ ಕಾಣ್ತೀಯ," ಎಂದು ಕಿಲಕಿಲ ನಕ್ಕಳು.

ಕೊನೆಯ ಸ್ಟೇಷನ್ನಿನಲ್ಲಿ ಇಳಿದು ಕಡಲೆಕಾಯಿ ತಿಂದೆವು. ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಜೋಡಿಸುವುದನ್ನು ಬಾಯಿ ಬಿಟ್ಟುಕೊಂಡು ನೋಡಿದೆವು. ಅಕ್ಕ ಹೋದ ಮೇಲೆ ಅವಳನ್ನು ಅಷ್ಟು ಖುಷಿಯಲ್ಲಿ ನಾನು ಕಂಡಿರಲಿಲ್ಲ. ಎಲ್ಲ ರೈಲಿನ ಮಹಿಮೆ ಎಂದುಕೊಂಡೆ.

ವಾಪಸು ಬರುವಾಗ ಇನ್ನೆರಡೇ ಸ್ಟೇಷನ್ ಉಳಿದವು. ಮಲತಾಯಿ ಎನ್ನುವ ಪದ ನನಗೆ ಬೇಡವಾಗಿತ್ತು. ಕತೆಗಳಲ್ಲಿ ಅದು ಕೆಟ್ಟವಳ ಹೆಸರು. ಎಲ್ಲರೂ ಮಾಡುವಂತೆ ನಾನೂ ಮೆತ್ತಗಿನ ಪದವನ್ನೇ ಹಿಡಿದೆ.

"ಪುಟ್ಟಾ, ಇನ್ಮೇಲೆ ನಿಮ್ಮನೇಲಿ ಚಿಕ್ಕಮ್ಮ ಇರ್ತಾಳೆ."

"ಗೊತ್ತು ಬಿಡು. ಚಿಕ್ಕಮ್ಮ ಬರ್ತಾಳೆ ಅಂತ ಅಜ್ಜಿ ನಿನ್ನೇನೇ ಹೇಳಿದ್ರು." ಸೀಟಿನ ಮೇಲೆ ಮಂಡಿಯೂರಿ ನನ್ನ ಕಿವಿಗೆ ಬಾಯಿಟ್ಟಳು. "ನನ್ನ ಬೀರೂಲಿ ಅರ್ಧ ಖಾಲಿ ಮಾಡಿಟ್ಟಿದೀನಿ. ನಿನ್ನ ಬಟ್ಟೆ ಅಲ್ಲಿಡು. ಅಪ್ಪಂಗೆ ಹೇಳ್ಬೇಡ, ಆಮೇಲೆ ತೋರ್ಸೋಣ."

ಅವಳಿಗೆ ಲೋಕದಲ್ಲಿ ಚಿಕ್ಕಮ್ಮ ಎಂದರೆ ಒಬ್ಬಳೇ. ಅಮ್ಮನ ತಂಗಿಯೂ ಚಿಕ್ಕಮ್ಮ, ಅಪ್ಪನ ಎರಡನೆಯ ಹೆಂಡತಿಯೂ ಚಿಕ್ಕಮ್ಮ ಎಂದು ಅವಳಿಗೆ ಯಾರು ಹೇಳಿದ್ದರು? ಬೆಳಗಿನಿಂದ ಅವಳು ಕುಣಿದದ್ದು ನನಗಾಗಿ.

"ನಾನಲ್ಲ ಕಣೇ," ಎಂದೆ. "ಅಪ್ಪ ಬೇರೆಯವರನ್ನ ಮದುವೆ ಆಗ್ತಿದಾರೆ. ಅವರನ್ನೂ ಚಿಕ್ಕಮ್ಮ ಅಂತಾರೆ. ಒಳ್ಳೆಯವರು. ನಿನ್ನ ಚೆನ್ನಾಗಿ ನೋಡ್ಕೋತಾರೆ."

"ನೀನ್ಯಾಕೆ ಅಲ್ಲ?"

"ಆಗಲ್ಲಮ್ಮ."

"ಅಪ್ಪ ನಿನ್ನ ಬೇಡ ಅಂದ್ರಾ?"

ಲಾಯರಮ್ಮನ ಪಾಟೀಸವಾಲು. ಹೂಂ ಎಂದಿದ್ದರೆ ನಾನು ಪಾರಾಗುತ್ತಿದ್ದೆ. ಸುಳ್ಳು ನಾಲಿಗೆಯ ತುದಿಗೂ ಬಂದಿತ್ತು. ಆದರೆ ನಾಳೆಯಿಂದ ಅವಳು ಬಾಳಬೇಕಾದದ್ದು ಅಪ್ಪನ ಜೊತೆ.

"ಇಲ್ಲ. ಅಪ್ಪ ಕೇಳಿದ್ರು. ನಾನೇ ಆಗಲ್ಲ ಅಂದೆ."

ಅವಳು ಅಳಲಿಲ್ಲ. ಅತ್ತಿದ್ದರೆ ಎತ್ತಿಕೊಳ್ಳುತ್ತಿದ್ದೆ, ನಾನೂ ಅತ್ತುಬಿಡುತ್ತಿದ್ದೆ. ಕಿಟಕಿಯತ್ತ ತಿರುಗಿ ಕುಳಿತಳು. ಬೋರ್ಡುಗಳು ಬಂದವು, ಹೋದವು. ಆಟಕ್ಕೆಂದು ನಾನು ಕೈ ಚಾಚಿದರೆ ತಲೆ ಸರಿಸಿದಳು. ಅಷ್ಟು ಸಣ್ಣ ತಲೆ, ಅಷ್ಟು ದೂರ ಹೋಯಿತು.

ಪ್ಲಾಟ್‌ಫಾರಂ ಮೇಲೆ ಭಾವ ಕಾಯುತ್ತಿದ್ದರು, ಪಕ್ಕದಲ್ಲಿ ಆಕೆ. ಆಕೆ ಕೈಚೀಲದ ಹಿಡಿಯನ್ನು ತಿರುಚುತ್ತ, ಪರೀಕ್ಷೆಗೆ ಬಂದವಳ ಹಾಗೆ ನಿಂತಿದ್ದಳು. ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

ಮಗು ಅಪ್ಪನ ಕೈ ಹಿಡಿದು ಆಕೆಯನ್ನು ಮೇಲಿನಿಂದ ಕೆಳಗಿನವರೆಗೂ ನೋಡಿತು.

"ನೀವಾ ಚಿಕ್ಕಮ್ಮ?"

ಆಕೆ ನನ್ನ ಮುಖವನ್ನೊಮ್ಮೆ ನೋಡಿ, "ಹೂಂ ಕಂದ," ಎಂದಳು.

"ಸರಿ."

ಹೊರಡುವಾಗ ಭಾವ ಮಗಳ ಭುಜ ತಟ್ಟಿ, "ಟಾಟಾ ಮಾಡು," ಎಂದರು. ಅವಳು ತಿರುಗಿ ನಿಂತು ಕೈ ಬೀಸಿದಳು.

"ಟಾಟಾ ಆಂಟಿ."

ಕನ್ನಡಕಕ್ಕೆಂದು ಅಂಗಡಿಗೆ ಬರುವ ಮಕ್ಕಳೆಲ್ಲ ನನ್ನನ್ನು ಹಾಗೇ ಕರೆಯುತ್ತಾರೆ. ನಾನೂ ಕೈ ಬೀಸಿದೆ.