ಪಾರ್ಲೆದಿಂದ ಕುರ್ಲಾಕ್ಕ ಒಂದು ಇಂಜೆಕ್ಷನ್

ನಮ್ಮ ಹೀರೋ ಎಂಟ್ರಿ ವಿಲೆ ಪಾರ್ಲೆದ ದವಾಖಾನಿಯೊಳಗ, ಪ್ಯಾಂಟು ಮೊಣಕಾಲಿಗಿಳಿಸಿ. ಹೆಸರು ಮುರಿಗೆಪ್ಪ, ಕುರ್ಲಾದ ಚಾಳಿನಾಗ ಒಂದ ಖೋಲಿ, ಮೈತುಂಬ ಸಕ್ಕರಿ ರೋಗ. ಎರಡು ವರ್ಷದಿಂದ ಗ್ವಾಡಿ ಕಡೆ ಮಾರಿ ಮಾಡಿ ಮಲಗ್ತಿದ್ದ. ತನ್ನ ಕಂಡ್ರ ಗಂಡಗ ಬ್ಯಾಸರ ಅಂತ ರುದ್ರವ್ವ ತಿಳಕೊಂಡಿದ್ಲು. ಪಂಚಮಿಗೆ ತವರಿಗೆ ಕರಿಯಾಕ ಇವತ್ತ ಆಕಿ ಅಣ್ಣ ನೀಲಕಂಠಪ್ಪ ಬರಾಂವ. "ಹೋದ್ರ ಹೊಳ್ಳಿ ಬರೂದಿಲ್ಲ" ಅಂತ ನಿನ್ನೆನ ಕ್ಲೈಮ್ಯಾಕ್ಸ್ ಡೈಲಾಗ್ ಹೊಡದಿದ್ಲು.

ಡಾಕ್ಟರ್ ರಮಾನಾಥ ಹೇಳಬಾರದ ಜಾಗಕ್ಕ ಸಣ್ಣ ಸೂಜಿ ಚುಚ್ಚಿದ್ರು.

"ಏನ್ ಮಾಡ್ತೈತ್ರೀ ಇದು?"

"ಕುರ್ಲಾದಲ್ಲಿ ಜನ ಲೋಕಲ್ ಹತ್ತೋದು ನೋಡಿದ್ದೀರಲ್ಲ? ಈ ಔಷಧ ಒಳಗಿನ ಸ್ನಾಯು ಸಡಿಲಿಸಿ ಬಾಗಿಲು ಅಗಲ ಮಾಡುತ್ತೆ. ರಕ್ತ ನುಗ್ಗುತ್ತೆ. ತುಂಬಿದ ಒತ್ತಡಕ್ಕೆ ಹೊರಗೆ ಹೋಗೋ ರಕ್ತನಾಳ ಅಮುಕಿಹೋಗುತ್ತೆ. ಇಳಿಯಬೇಕಾದ ರಕ್ತ ಒಳಗೇ ಸಿಕ್ಕಿಬೀಳುತ್ತೆ."

"ಮನಸ್ಸು ಬ್ಯಾಡೇನ್ರಿ?"

"ಇದು ಮನಸ್ಸು ಕೇಳಲ್ಲ. ಹತ್ತು ನಿಮಿಷಕ್ಕೆ ಶುರು, ಒಂದು ತಾಸು ಇರಬಹುದು. ನಾಲ್ಕು ತಾಸಾದ್ರೂ ಇಳಿಯದಿದ್ರೆ ಅಪಾಯ, ಓಡಿಬರಬೇಕು. ಇವತ್ತು ಬರೀ ಪರೀಕ್ಷೆ, ಇಲ್ಲೇ ಕೂತಿರಿ."

ಡಾಕ್ಟರ್ ಆ ಕಡೆ ಹೊಳ್ಳಿದ್ದ ತಡ, ಮುರಿಗೆಪ್ಪ ಲೆಕ್ಕ ಹಾಕಿದ. ದಾದರ್‌ದಾಗ ಗಾಡಿ ಬದಲಿಸಿದ್ರ ಮುಕ್ಕಾಲು ತಾಸಿಗೆ ಮನಿ. ಓಡಿದ.

ಬಾಂದ್ರಾ ಬರೂದ್ರಾಗ ಔಷಧ ತನ್ನ ಮಾತು ಉಳಿಸಿಕೊಂಡಿತ್ತು. ಕೈಚೀಲ ಮುಂದ ಹಿಡಕೊಂಡು ನಿಂತ.

"ಭಾಯಿಸಾಬ್, ಬ್ಯಾಗ್ ಊಪರ್ ರಖೋ ನಾ," ಅಂದ ಬಾಜೂದಾಂವ.

"ನಹೀ ಜೀ. ಅಂದರ್ ಕಾಂಚ್ ಹೈ," ಒಳಗ ಗಾಜು ಐತಿ ಅಂತ ಸುಳ್ಳು ಹೊಡದ.

ಖೋಲಿ ಮುಟ್ಟಿದ್ರ ಅಣ್ಣ ಹಾಸಿಗಿ ಮ್ಯಾಲೆ ಕುಂತಾನ, ಟ್ರಂಕು ಬಾಗಲದಾಗ. ರುದ್ರವ್ವ ನೀರು ತಂದ್ಲು.

"ಚೀಲ ಕೆಳಗಿಡ್ರಿ."

"ಇರಲಿ ಬಿಡ."

ಆಕಿ ಚೀಲ ಎಳದ್ಲು. ನೋಡಿದ್ಲು. ಸೆರಗು ಬಾಯಿಗೆ ಒತ್ತಿಕೊಂಡು ಗಂಡನ್ನ ಜಳಕದ ಮೋರಿಯ ಪಡದೆ ಹಿಂದ ದಬ್ಬಿದ್ಲು.

"ಏನಿದು?"

"ಡಾಕ್ಟರ್ ಸೂಜಿ. ಸಕ್ಕರಿ ರೋಗ ರಕ್ತದ ದಾರಿ ಕೆಡಿಸೇತಂತ. ನಿನ್ನ ಮ್ಯಾಲಿನ ಬ್ಯಾಸರಲ್ಲ, ರುದ್ರಿ. ಹೇಳಾಕ ನಾಚಿಕಿ ಬರ್ತಿತ್ತು."

"ನಾ ಎರಡು ವರ್ಷ ಅತ್ತಿದ್ದು ಯಾರ ಸಲುವಾಗಿ ಮತ್ತ?" ಅಂದ್ಲು. ಪಡದೆ ಪೂರ್ತಿ ಎಳದು, ಸಣ್ಣ ದನಿಲೆ, "ಎಷ್ಟೊತ್ತು ಇರತೈತಿ?"

"ಇನ್ನ ಕಾಲು ತಾಸು. ಹೆಚ್ಚೂ ಇರಬಹುದು."

ರುದ್ರವ್ವ ಹೊರಗ ಬಂದು ಟ್ರಂಕು ಮೂಲಿಗೆ ಸರಿಸಿದ್ಲು.

"ಅಣ್ಣಾ, ಪಂಚಮಿಗೆ ಬರ್ತೀನಿ, ಎಂಟು ದಿನ ಇದ್ದು ಹೊಳ್ಳಿ ಬರ್ತೀನಿ. ಈಗ ಹೋಗಿ ಮಲ್ಲಿಗಿ ಹೂವ ತಗೊಂಡು ಬಾ."

"ಕೆಳಗ ಸ್ಟೇಷನ್ ಹತ್ರನ ಸಿಗತಾವಲ್ಲ?"

"ಅಲ್ಲಿದ್ದು ಬಾಡಿರತಾವು. ಲೋಕಲ್ ಹಿಡದು ಮಾಟುಂಗಕ್ಕ ಹೋಗಿ ತಾ."