ಗುರುಲಿಂಗಪ್ಪನ ಕಬ್ಬಿಗೆ ಏನು ಕಡಿಮೆ?

ನಾಗನೂರಿನ ಗುರುಲಿಂಗಪ್ಪನಿಗೆ ಬಡಾಯಿ ಕೊಚ್ಚಲು ಒಂದು ನೆಪ ಸಾಕು. ಆ ದಿನ ನೆಪ ಮನೆ ಬಾಗಿಲಿಗೇ ಬಂತು. ಕಬ್ಬಿನಿಂದ ಗಾಡಿ ಓಡಿಸುವ ಇಥೆನಾಲ್ ತೆಗೆಯುತ್ತಾರಲ್ಲ, ಆ ಕಬ್ಬು ಬೆಳೆಯುವುದರಿಂದ ಮಣ್ಣಿಗೆ, ನೀರಿಗೆ ಎಷ್ಟು ಪೆಟ್ಟು ಬೀಳುತ್ತದೆ ಎಂದು ಅಳೆಯಲು ದಡ್ಡಿ ಊರಿನ ಸಂಶೋಧಕಿ ಅನ್ನಪೂರ್ಣಾ ಬಂದಿದ್ದಳು. ಹುಡುಗಿ ಎಲ್ಲವನ್ನೂ ಬಿಡಿಸಿಯೇ ಹೇಳಿದಳು. ನಮ್ಮ ಯಜಮಾನರ ಕಿವಿಗೆ ಬಿದ್ದದ್ದು ಮಾತ್ರ ಒಂದೇ: ಊರ ಹೊಲಗಳನ್ನೆಲ್ಲ ಹೋಲಿಸಿ ನೋಡುತ್ತಾರೆ. ಹೋಲಿಸುತ್ತಾರೆ ಅಂದಮೇಲೆ ಮುಗಿಯಿತು, ಮೊದಲ ನಂಬರು ತನ್ನದೇ ಆಗಬೇಕು!

ಕಾಲುವೆಯಲ್ಲಿ ನೀರಿರುವ ತನಕ ಹಾಯಿಸುತ್ತಲೇ ಇರುತ್ತೇನೆ ಅಂದ. ಯೂರಿಯಾ ಚೀಲ ಎಣಿಸುವ ಜಿಪುಣ ತಾನಲ್ಲ ಅಂದ. ಕಬ್ಬಿನ ಒಣ ಎಲೆಗೆಲ್ಲ ಬೆಂಕಿ ಹಚ್ಚಿ ಹೊಲ ಚೊಕ್ಕ ಇಡುತ್ತೇನೆ ಅಂದ. ಒಂದೂ ನಿಜವಲ್ಲ. ನೀರನ್ನು ಅವನು ತುಪ್ಪದ ಹಾಗೆ ಬಡಿಸುತ್ತಿದ್ದ. ಒಣ ಎಲೆಯನ್ನು ಸಾಲಿನಲ್ಲೇ ಹಾಸುತ್ತಿದ್ದ. ಗೊಬ್ಬರಕ್ಕೆಂದು, ನಾಟಿಗೆ ಮೊದಲು ಗೆಳೆಯ ಖಂಡೆಪ್ಪನ ಕುರಿ ಹಿಂಡನ್ನು ಹೊಲದಲ್ಲಿ ಕೂಡ್ರಿಸುತ್ತಿದ್ದ. ಆದರೆ ಬೆಳೆಗೆ ಕಡಿಮೆ ಹಾಕಿದೆ ಎಂದು ಪರವೂರಿನ ಮಗಳ ಮುಂದೆ ಹೇಳಿಕೊಳ್ಳುವುದುಂಟೇ?

"ಕುರಿಗೊಬ್ಬರ ಏನರ ಹಾಕ್ತೀರೇನ್ರಿ ಕಾಕಾ?" ಎಂದು ಅನ್ನಪೂರ್ಣಾ ಕೇಳಿದಳು.

"ನಮಗ ಕುರಿ ಯಾಕ ಬೇಕವಾ?" ಅಂದುಬಿಟ್ಟ.

ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ಖಂಡೆಪ್ಪ ಕಪ್ಪು ಕೆಳಗಿಟ್ಟ. ಕಂಬಳಿ ಹೆಗಲಿಗೇರಿಸಿ ಎದ್ದು ಹೋದ.

ಅಂದಿನಿಂದ ಖಂಡೆಪ್ಪ ಆ ಓಣಿಗೇ ಕಾಲಿಡಲಿಲ್ಲ. ಹಿಂಡನ್ನು ಬೇರೆಯವರ ಹೊಲಕ್ಕೆ ಒಪ್ಪಿಸುತ್ತಾನಂತೆ ಎಂಬ ಸುದ್ದಿ ಬಂತು. ಗೊಬ್ಬರವೂ ಹೋಯಿತು, ಗೆಳೆಯನೂ ಹೋದ, ನಿಮ್ಮ ನಾಲಿಗೆ ಮಾತ್ರ ಉಳಿಯಿತು ಎಂದು ಹೆಂಡತಿ ಕಾಶೆವ್ವ ರೊಟ್ಟಿ ಬಡಿಯುತ್ತಲೇ ಝಾಡಿಸಿದಳು.

ಮುಂದಿನ ತಿಂಗಳು ಅನ್ನಪೂರ್ಣಾ ಊರ ಮಂದಿಯನ್ನು ಗುಡಿಯಲ್ಲಿ ಸೇರಿಸಿ ಫಲಿತಾಂಶ ಹೇಳಿದಳು. ಕಾಕಾ ಕೊಟ್ಟ ಉತ್ತರ ನೋಡಿದರೆ ಅವರ ಹೊಲದಷ್ಟು ಹಾನಿ ಮಾಡುವ ಹೊಲ ಇನ್ನೊಂದಿಲ್ಲ. ಮಣ್ಣು ನೋಡಿದರೆ ಮೆತ್ತಗಿದೆ, ಎರೆಹುಳು ತುಂಬಿವೆ, ಬಾವಿ ನೀರು ಚೊಕ್ಕವಿದೆ. ಎರಡಕ್ಕೂ ತಾಳೆಯೇ ಇಲ್ಲ, ಏನಿದರ ಗುಟ್ಟು ಎಂದು ಕೇಳಿದಳು.

ಭೂಮಿಯ ಗುಣ ಎಂದು ಜಾರಿಕೊಳ್ಳಬಹುದಿತ್ತು. ಆದರೆ ಬಾಗಿಲ ಬಳಿ ಖಂಡೆಪ್ಪ ನಿಂತಿದ್ದ. ಗುರುಲಿಂಗಪ್ಪ ಎದ್ದು ನಿಂತ.

"ನಾ ಹೇಳಿದ್ದೆಲ್ಲಾ ಸುಳ್ಳವಾ. ನೀರೂ ಕಡಿಮಿ, ಯೂರಿಯಾನೂ ಕಡಿಮಿ. ಆ ಮಣ್ಣು ಖಂಡೆಪ್ಪನ ಕುರಿ ಮಾಡಿದ್ದು. ಹೆಸರು ಅವಂದ ಬರಕೋ."

ಮಂದಿ ಗೊಳ್ಳೆಂದು ನಕ್ಕರು. ಹಾಗಿದ್ದರೆ ಊರಲ್ಲೇ ಕಡಿಮೆ ಹಾನಿಯ ಕಬ್ಬು ಇದೇ ಎಂದು ಅನ್ನಪೂರ್ಣಾ ಹೇಳಿದಾಗ ನಗು ನಿಂತಿತು. ಖಂಡೆಪ್ಪ ಮುಂದೆ ಬಂದ.

"ಅಮಾಸಿ ಮುಗದ ಮ್ಯಾಲೆ ಹಿಂಡು ತರತೇನಿ. ಹಿತ್ತಲದಾರಿಲೆ ಅಲ್ಲ, ಊರ ನಡುವ ಬರತೇವಿ."

ಹಾಗೆಯೇ ಬಂದವು. ಊರ ಅಗಸಿಬಾಗಿಲಿನಿಂದ ಹೊಲದವರೆಗೆ ಬೀದಿ ತುಂಬ ಕುರಿ, ಧೂಳು, ಗದ್ದಲ. ಎಲ್ಲಕ್ಕಿಂತ ಮುಂದೆ, ತಲೆಗೆ ಹೊಸ ಪಟಕಾ ಸುತ್ತಿಕೊಂಡು, ಎದುರಾದವರಿಗೆಲ್ಲ "ಸರೀರಿ, ದಾರಿ ಬಿಡ್ರಿ, ನಮ್ಮ ಕುರಿ ಬರಾಕತ್ತಾವ" ಎನ್ನುತ್ತ ಗುರುಲಿಂಗಪ್ಪ ನಡೆಯುತ್ತಿದ್ದ.